ಎರಡನೆಯ ಹರಳು

ಎಸ್ತೇರಳು ಆ ಹರಳನ್ನು ಮೊದಲ ಬಾರಿ ನೋಡಿದಾಗ ಅದು ಅವಳ ಕಂಪ್ಯೂಟರಿನೊಳಗೆ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಬೀದರಿನ ಹೊರವಲಯದ ಒಂದು ಔಷಧ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅಲ್ಲಿ ನೆರವಿಲ್ ಎಂಬ ಔಷಧ ತಯಾರಾಗುತ್ತಿತ್ತು. ದೇಹದಲ್ಲಿ ಹುಟ್ಟುವ ಒಂದು ಬಗೆಯ ಕಶ್ಮಲವನ್ನು ಯಕೃತ್ತು ಹೊರಹಾಕಲಾರದೆ, ಅದು ನರಗಳಲ್ಲಿ ಸೇರುತ್ತ ಹೋಗುವ ಅಪರೂಪದ ಕಾಯಿಲೆಯೊಂದಕ್ಕೆ ಇದ್ದ ಮದ್ದು ಅದೊಂದೇ. ಔಷಧವಿಲ್ಲದಿದ್ದರೆ ಮೊದಲು ಬೆರಳು ನಡುಗುತ್ತವೆ. ಆಮೇಲೆ ನಾಲಿಗೆ ತೊದಲುತ್ತದೆ, ಆಮೇಲೆ ನುಂಗಲಾಗುವುದಿಲ್ಲ, ಕೊನೆಗೆ ಉಸಿರು. ದಿನಕ್ಕೊಂದು ಕ್ಯಾಪ್ಸೂಲ್ ನುಂಗಿದವರು ಎಲ್ಲರಂತೆ ಮದುವೆಯಾಗಿ, ನೌಕರಿ ಮಾಡಿಕೊಂಡು ಬದುಕುತ್ತಿದ್ದರು. ಎಸ್ತೇರಳ ತಮ್ಮ ಪ್ರಭುದಾಸ ಅಂಥವರಲ್ಲಿ ಒಬ್ಬ. ಬೀದರ್–ಉದಗೀರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಎಸ್ತೇರಳು ಹೈದರಾಬಾದಿನ ದೊಡ್ಡ ಸಂಬಳ ಬಿಟ್ಟು ಈ ಕಾರ್ಖಾನೆಗೆ ಸೇರಿದ್ದೂ ಅವನ ಔಷಧ ಇಲ್ಲಿ ತಯಾರಾಗುತ್ತದೆಂದೇ.

ಅವಳ ಕೆಲಸದಲ್ಲಿ ಪುಡಿಯೂ ಇಲ್ಲ, ದ್ರಾವಣವೂ ಇಲ್ಲ. ಒಂದೇ ಅಣು ಹಲವು ಬಗೆಯಲ್ಲಿ ಜೋಡಿಕೊಂಡು ಹರಳಾಗಬಹುದು, ಒಂದೇ ಅಚ್ಚಿನ ಇಟ್ಟಿಗೆಯಿಂದ ಬೇರೆ ಬೇರೆ ಗೋಡೆ ಕಟ್ಟಿದ ಹಾಗೆ. ಒಂದು ಜೋಡಣೆ ಹೊಟ್ಟೆಯಲ್ಲಿ ಸುಲಭವಾಗಿ ಕರಗಿದರೆ ಇನ್ನೊಂದು ಕಲ್ಲಿನಂತೆ ಕೂರಬಹುದು. ನೆರವಿಲ್‌ಗೆ ಗೊತ್ತಿದ್ದದ್ದು ಒಂದೇ ಜೋಡಣೆ, ಅದು ಕರಗುತ್ತಿತ್ತು. ಬೇರೆ ಯಾವುದಾದರೂ ಸಾಧ್ಯವೇ ಎಂದು ಎಸ್ತೇರಳು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದಳು. ಸಾವಿರಾರು ಜೋಡಣೆಗಳನ್ನು ಕಟ್ಟಿ ಕೆಡವಿದ ಮೇಲೆ ಒಂದು ಉಳಿಯಿತು. ಅದನ್ನು ಹಳೆಯ ಹರಳಿನ ಪಕ್ಕದಲ್ಲಿ, ಒಂದೇ ಪೆಟ್ಟಿಗೆಯಲ್ಲಿಟ್ಟಂತೆ, ಗಡಿಗೆ ಗಡಿ ತಾಗಿಸಿ ಇಟ್ಟಳು. ಒಂದೊಂದೇ ಶಾಖದಲ್ಲಿ ಅಣುಗಳು ಕುಲುಕಾಡಲು ಬಿಟ್ಟು ಗಡಿ ಯಾವ ಕಡೆ ಸರಿಯುತ್ತದೆಂದು ನೋಡಿದಳು. ಎಪ್ಪತ್ತೊಂದು ಡಿಗ್ರಿಯಲ್ಲಿ ಗಡಿ ನಿಂತಲ್ಲೇ ನಿಂತಿತು. ಎರಡೂ ಹರಳು ಒಟ್ಟಿಗೆ ಇರಲು ಸಾಧ್ಯವಿದ್ದದ್ದು ಅಲ್ಲಿ ಮಾತ್ರ. ಅದಕ್ಕಿಂತ ಮೇಲೆ ಹಳೆಯದು ಹೊಸದನ್ನು ತಿನ್ನುತ್ತಿತ್ತು, ಕೆಳಗೆ ಹೊಸದು ಹಳೆಯದನ್ನು ತಿನ್ನುತ್ತಿತ್ತು. ಮನುಷ್ಯರು ಬದುಕುವುದು, ಔಷಧವನ್ನು ಕಪಾಟಿನಲ್ಲಿ ಇಡುವುದು ಎಲ್ಲವೂ ಕೆಳಗೇ.

ಕಾರ್ಖಾನೆಯ ವ್ಯವಸ್ಥಾಪಕ ಚಿದ್ರಿ ಅವಳ ಚಿತ್ರಗಳನ್ನು ಸಮಾಧಾನದಿಂದ ನೋಡಿದರು. ಕೆಟ್ಟ ಮನುಷ್ಯನಲ್ಲ, ದುಡುಕುವವರೂ ಅಲ್ಲ.

"ಇಷ್ಟ್ ವರ್ಷ ಈ ಔಷಧ ಮಾಡ್ಲತ್ತೀವಿ. ಒಂದ್ ಸಲಾನೂ ಇದು ಕಂಡಿಲ್ಲಲ್ಲ?"

"ಬೀಜ ಬಿದ್ದಿಲ್ಲ ಸರ್, ಅದಕ್ಕ. ಮೊದಲನೇ ಹರಳು ಹುಟ್ಟೋದು ಭಾಳ ಕಷ್ಟ. ಒಂದು ಹುಟ್ಟಿತು ಅಂದ್ರ ಉಳಿದಿದ್ದೆಲ್ಲ ಅದನ್ನೇ ನೋಡಿ ಹಂಗೇ ಜೋಡಸ್ಕೋತದ."

"ಮತ್ತ ಇದು ಖರೇನೋ, ಬರೇ ಲೆಕ್ಕಾನೋ?"

ಪಕ್ಕದಲ್ಲಿ ಕೂತಿದ್ದ ರಸಾಯನಶಾಸ್ತ್ರಜ್ಞ ಮುನೀರ್, "ಮಾಡಿ ನೋಡೋದೊಂದೇ ದಾರಿ," ಎಂದ. ಚಿದ್ರಿಯವರು ಎಸ್ತೇರಳ ಮುಖ ನೋಡಿದರು. ಗೊತ್ತಿದ್ದರೆ ಕಾವಲು ಕಾಯಬಹುದು, ಗೊತ್ತಿಲ್ಲದಿದ್ದರೆ ಕಾಯುವುದು ಹೇಗೆ ಎಂದು ಅವಳು ಹೇಳಿದಳು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಲೆಕ್ಕದಲ್ಲಿ ಕಂಡದ್ದನ್ನು ಕಣ್ಣಾರೆ ನೋಡಬೇಕೆಂಬ ಆಸೆಯೂ ಅದರ ಹಿಂದೆ ಇತ್ತು.

ಮುನೀರ್ ಹಳೆಯ ಪುಡಿಯನ್ನು ದ್ರಾವಕದಲ್ಲಿ ಹಾಕಿ, ಬೆಚ್ಚಗಿಟ್ಟು, ವಾರಗಟ್ಟಲೆ ತಿರುಗಿಸಿದ. ಏನೂ ಆಗಲಿಲ್ಲ. ಬಿಟ್ಟುಬಿಡೋಣವೆಂದುಕೊಂಡಿದ್ದಾಗ ಒಂದು ಬೆಳಗ್ಗೆ ಗಾಜಿನ ತಳದಲ್ಲಿ ಕೂದಲಿನಷ್ಟು ತೆಳುವಾದ ಸೂಜಿಗಳು ಕಂಡವು. ಅವುಗಳ ಎಕ್ಸ್-ರೇ ಗೆರೆಗಳು ಎಸ್ತೇರಳ ಲೆಕ್ಕದ ಗೆರೆಗಳ ಮೇಲೆ ಸರಿಯಾಗಿ ಕೂತವು. ಚಿದ್ರಿಯವರು ಬಾಲೂಶಾಹಿ ಮಿಠಾಯಿ ತರಿಸಿದರು.

ಆ ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ತಮ್ಮ, ಅವನ ಹೆಂಡತಿ ಸುವಾರ್ತಾ, ಎಸ್ತೇರ್ ಮೂವರೂ ಮಂಗಲಪೇಟೆಯ ಒಂದೇ ಮನೆಯಲ್ಲಿ ಇದ್ದರು. ಎಸ್ತೇರಳು ತನ್ನ ಹರಳಿನ ಕಥೆ ಹೇಳಿದಳು.

"ಅಂದ್ರ ಅವೇ ಪ್ಯಾಸೆಂಜರು, ಸೀಟ್ ಬ್ಯಾರೆ," ಎಂದ ಪ್ರಭುದಾಸ.

"ಹಂಗೇ ಅನ್ನು."

"ನನ್ನ ಬಸ್ಸಿನಾಗ ಒಬ್ಬ ಕೂತ ಅಂದ್ರ ಎಬ್ಬಸೋದು ಆಗಂಗಿಲ್ಲ, ಗೊತ್ತೇನು?" ಎಂದು ನಕ್ಕು ನೆರವಿಲ್ ಡಬ್ಬಿಯ ಮುಚ್ಚಳ ತೆಗೆದ. ಊಟವಾದ ಮೇಲೆ ನುಂಗುವುದು ಅವನ ರೂಢಿ.

ಮುನೀರನ ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವೆ ಒಂದು ಅಂಗಳ ಮಾತ್ರ. ಮುಂದಿನ ತಿಂಗಳು ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಒಂದು ಕಂತಿನ ಔಷಧ ಕರಗುವ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಹೊಟ್ಟೆಯ ಆಮ್ಲದಂಥ ದ್ರವದಲ್ಲಿ ಕ್ಯಾಪ್ಸೂಲು ಒಡೆಯಿತು, ಒಳಗಿನ ಪುಡಿ ಮರಳಿನಂತೆ ತಳದಲ್ಲಿ ಕೂತಿತು. ಮುಂದಿನ ಕಂತೂ ಹಾಗೇ ಆಯಿತು. ಆಮೇಲೆ ಯಾವ ಕಂತೂ ತೇರ್ಗಡೆಯಾಗಲಿಲ್ಲ. ಕಾರ್ಖಾನೆ ನಿಲ್ಲಿಸಿದರು. ಪಾತ್ರೆ, ಕೊಳವೆಗಳನ್ನು ಆಮ್ಲದಲ್ಲಿ ತೊಳೆದರು, ಗೋಡೆ ಕೆರೆದು ಬಣ್ಣ ಬಳಿದರು, ನೆಲದ ಹಾಸು ಕಿತ್ತು ಹೊಸದು ಹಾಕಿದರು. ಮತ್ತೆ ಶುರುಮಾಡಿದಾಗ ಮೊದಲ ಕಂತಿನಲ್ಲೇ ಸೂಜಿಗಳು ಬಂದವು. ಕಣ್ಣಿಗೆ ಕಾಣದ ಒಂದು ಕಣ ಸಾಕಾಗಿತ್ತು.

ಕಂಪನಿಗೆ ಇನ್ನೊಂದು ರಾಜ್ಯದಲ್ಲಿ ಎರಡನೆಯ ಕಾರ್ಖಾನೆ ಇತ್ತು. ಅಲ್ಲಿ ಇನ್ನೂ ಹಳೆಯ ಹರಳೇ ಬರುತ್ತಿತ್ತು. ಅಲ್ಲಿಯವರಿಗೆ ಎಚ್ಚರಿಕೆಗಳನ್ನು ವಿವರಿಸಲು ಎಸ್ತೇರ್ ಮತ್ತು ಮುನೀರ್ ಹೋದರು. ಹೊಸ ಬಟ್ಟೆ, ಹೊಸ ಚಪ್ಪಲಿ ಹಾಕಿಕೊಂಡು, ತಲೆ ತೊಳೆದುಕೊಂಡು, ಯಂತ್ರಗಳ ಹತ್ತಿರವೂ ಸುಳಿಯದೆ, ಕಚೇರಿಯಲ್ಲಿ ಮಾತಾಡಿ ಬಂದರು. ಅವರು ವಾಪಸಾದ ಸ್ವಲ್ಪ ದಿನಕ್ಕೆ ಅಲ್ಲಿಯೂ ಸೂಜಿಗಳು ಕಂಡವು. ಅವು ಬಟ್ಟೆಯಲ್ಲಿ ಹೋದವೋ, ಕಾಗದದಲ್ಲಿ ಹೋದವೋ, ಇವರ ಉಸಿರಿನಲ್ಲೋ, ಯಾರಿಗೂ ಗೊತ್ತಾಗಲಿಲ್ಲ. ಇವರು ಹೋಗದಿದ್ದರೂ ಹುಟ್ಟುತ್ತಿದ್ದವೇನೋ ಎಂದು ಚಿದ್ರಿಯವರು ಹೇಳಿದರು. ಅದನ್ನು ತಿಳಿಯುವ ದಾರಿಯೂ ಈಗ ಇರಲಿಲ್ಲ. ಆ ಹರಳು ಇಲ್ಲದ ಜಗತ್ತು ಮುಗಿದುಹೋಗಿತ್ತು.

ಬೇರೆ ಉಪಾಯಗಳನ್ನೂ ನೋಡಿದರು. ದ್ರವವಾಗಿ ಕೊಡೋಣವೆಂದರೆ ನೆರವಿಲ್ ನೀರಿನಲ್ಲಿ ಒಡೆದುಹೋಗುತ್ತಿತ್ತು. ಹೊಸ ಹರಳನ್ನು ಕರಗಿಸಬಲ್ಲ ದ್ರವಗಳೆಲ್ಲ ವಿಷವಾಗಿದ್ದವು. ಬೇರೆ ಔಷಧ ಕಂಡುಹಿಡಿಯಲು ಎಷ್ಟು ವರ್ಷವೋ.

ಎಸ್ತೇರಳು ಆ ಸುದ್ದಿಯನ್ನು ಮನೆಯಲ್ಲಿ ಹೇಳಿದ ಮರುದಿನ ಕೆಲಸದಿಂದ ಬಂದಾಗ ಸುವಾರ್ತಾ ಬಾಗಿಲಲ್ಲೇ ನಿಂತಿದ್ದಳು. ಪಕ್ಕದಲ್ಲಿ ಎಸ್ತೇರಳ ಬಟ್ಟೆಯ ಚೀಲ. ಸುವಾರ್ತಾ ಅತ್ತಿದ್ದಳೆಂದು ಗೊತ್ತಾಗುತ್ತಿತ್ತು.

"ಅಕ್ಕ, ಅಲ್ಲೇ ನಿಂದ್ರ್ರಿ. ಒಳಗ ಬರಬ್ಯಾಡ್ರಿ."

"ಸುವಾರ್ತಾ..."

"ಮನ್ಯಾಗ ಅವ್ರ ಡಬ್ಬಿ ಅದ. ಅಂಗಡಿ ಅಂಗಡಿ ತಿರುಗಿ ತಂದಿಟ್ಟೀನಿ. ನಿಮ್ಮ ಬಟ್ಟ್ಯಾಗಿನ ಕಣ ತಾಗಿ ಅದು ಕೆಟ್ಟರ ಎಲ್ಲಿಂದ ತರ್ಲಿ? ನಿಮ್ಮ ಮ್ಯಾಲ ಸಿಟ್ಟಿಲ್ಲ ಅಕ್ಕ. ದೇವರಾಣೆ ಇಲ್ಲ. ಆದ್ರ ನೀವು ಇಲ್ಲಿ ಇರಬ್ಯಾಡ್ರಿ."

ಎಸ್ತೇರಳು ತಾನೇ ಈ ಮಾತು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಿದ್ದಳು. ಹೇಳುವ ಧೈರ್ಯ ಬಂದಿರಲಿಲ್ಲ. ಸುವಾರ್ತಾ ಚೀಲವನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು. ಎಸ್ತೇರಳು ಅದನ್ನು ಎತ್ತಿಕೊಂಡು ನೌಬಾದ್ ಕಡೆ ಒಂದು ಬಾಡಿಗೆ ಕೋಣೆ ಹಿಡಿದಳು. ಅಂದಿನಿಂದ ಅಕ್ಕ ತಮ್ಮ ಮಾತಾಡುತ್ತಿದ್ದುದು ಫೋನಿನಲ್ಲಿ.

ಸಂಗ್ರಹದಲ್ಲಿದ್ದ ಕ್ಯಾಪ್ಸೂಲುಗಳು ಮಳೆಗಾಲ ಕಳೆಯುವಷ್ಟರಲ್ಲಿ ದೇಶದಲ್ಲೆಲ್ಲ ಮುಗಿದವು. ಪ್ರಭುದಾಸ ಟಿಕೆಟ್ ಯಂತ್ರದ ಗುಂಡಿ ಒತ್ತಲಾರದೆ ಒಂದು ದಿನ ಬಸ್ಸಿನಿಂದ ಇಳಿದು ಮನೆಗೆ ಬಂದ. ಫೋನಿನಲ್ಲಿ ಅವನ ಮಾತು ಅಲ್ಲಲ್ಲಿ ಎಡವುವುದು ಅವಳಿಗೆ ಕೇಳಿಸುತ್ತಿತ್ತು.

ದಾರಿ ತೋರಿಸಿದ್ದು ಅವಳದೇ ಹಳೆಯ ಲೆಕ್ಕ. ಎಪ್ಪತ್ತೊಂದರ ಮೇಲೆ ಹಳೆಯ ಹರಳು ಗೆಲ್ಲುತ್ತದೆ. ಹಾಗಾದರೆ ಔಷಧವನ್ನು ಎಪ್ಪತ್ತೊಂದಕ್ಕಿಂತ ಕೆಳಗೆ ಇಳಿಸದಿದ್ದರೆ?

"ಬಿಸಿಯಾಗೇ ಮಾಡೋದು, ಬಿಸಿಯಾಗೇ ಇಡೋದು, ಬಿಸಿಯಾಗೇ ನುಂಗಸೋದು," ಎಂದಳು ಮುನೀರನಿಗೆ. "ಎಪ್ಪತ್ತೈದರಾಗ ಇಟ್ಟರ ಸೂಜಿ ಬಿದ್ದರೂ ಕರಗಿ ಹಳೇದೇ ಆಗ್ತದ. ಬಾಯಾಗ ಹಾಕಿದ ಮ್ಯಾಲ ತಣ್ಣಗಾಗಿ ಕೆಡೋದ್ರೊಳಗ ಹೊಟ್ಟ್ಯಾಗ ಕರಗಿರ್ತದ."

ಮುನೀರ್ ಪೆನ್ನು ತೆಗೆದು ಲೆಕ್ಕ ಹಾಕಿದ. "ಆ ಬಿಸಿಗೆ ಔಷಧಾನೇ ದಿನಾ ಸ್ವಲ್ಪ ಸ್ವಲ್ಪ ಸುಟ್ಟು ಹೋಗ್ತದ. ಭಾಳ ದಿನ ಇಡೋದು ಆಗಂಗಿಲ್ಲ."

"ಇಲ್ಲೇ ಮಾಡಿ ಇಲ್ಲೇ ಕೊಡೋದು."

ಕಾರ್ಖಾನೆಯ ಪಕ್ಕದಲ್ಲಿ ಹೊಸ ಕಟ್ಟಡ ಎದ್ದಿತು. ಹಳೆಯವರು ಯಾರೂ ಅದರ ಹತ್ತಿರ ಬರಕೂಡದೆಂದು ಹೊಸ ಕೆಲಸಗಾರರನ್ನು ತೆಗೆದುಕೊಂಡರು. ಮೊದಮೊದಲು ರೋಗಿಗಳ ಮನೆಗಳಿಗೆ ಬಿಸಿಪೆಟ್ಟಿಗೆಗಳನ್ನು ಕಳಿಸಿದರು. ಕರೆಂಟು ಹೋದಾಗ ಪೆಟ್ಟಿಗೆ ತಣ್ಣಗಾಯಿತು, ಔಷಧ ಮರಳಾಯಿತು, ಅದು ಗೊತ್ತಾಗದೆ ಜನ ಅದನ್ನೇ ನುಂಗಿದರು. ಕೆಲವರು ಸತ್ತರು. ಆಮೇಲೆ ಉಳಿದದ್ದು ಒಂದೇ, ರೋಗಿಗಳೇ ಬೀದರಿಗೆ ಬರಬೇಕು.

ಅವರು ಬಂದರು. ಒಡಿಶಾದಿಂದ, ನಾಗರಕೋಯಿಲಿನಿಂದ, ಅಸ್ಸಾಮಿನಿಂದ, ಮನೆ ಮಾರಿ ಬಂದವರು, ಶಾಲೆ ಬಿಡಿಸಿ ಮಕ್ಕಳನ್ನು ಕರೆತಂದವರು. ಕಾರ್ಖಾನೆಯ ಎದುರಿನ ಬಡಾವಣೆಯಲ್ಲಿ ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರ. ಗೋಡೆಗಳ ಮೇಲೆ ಒಡಿಯಾ, ತಮಿಳು ಅಕ್ಷರದ ಬಾಡಿಗೆ ಬೋರ್ಡುಗಳು ಬಂದವು. ಒಬ್ಬ ರೋಗಿಯ ಗಂಡ ಇಡ್ಲಿ ಗಾಡಿ ಇಟ್ಟ. ಪ್ರತಿ ಬೆಳಗ್ಗೆ ಗೇಟಿನ ಮುಂದೆ ಸಾಲು ನಿಲ್ಲುತ್ತಿತ್ತು. ಊರಿನವರು ಅದನ್ನು ಬಿಸಿ ಸಾಲು ಎಂದು ಕರೆಯತೊಡಗಿದರು. ಕಿಟಕಿಯೊಳಗಿನವಳು ಚಿಮಟದಿಂದ ಕ್ಯಾಪ್ಸೂಲ್ ತೆಗೆದು ಒಂದು ಚಮಚ ಮೊಸರಿನಲ್ಲಿ ಅದ್ದಿ ಬಾಯಿಗೆ ಹಾಕುವಳು, ಹಿಂದೆಯೇ ಒಂದು ಲೋಟ ತಣ್ಣನೆಯ ಮಜ್ಜಿಗೆ. ನಾಲಿಗೆ ಸುಟ್ಟುಕೊಳ್ಳದವರೇ ಇರಲಿಲ್ಲ.

ಪ್ರಭುದಾಸನ ಬೆರಳುಗಳು ಪೂರ್ತಿ ಸರಿಯಾಗಲಿಲ್ಲ. ಮಾತು ಮಾತ್ರ ಹಿಂತಿರುಗಿತು. ಬಸ್ಸಿನ ಕೆಲಸ ಹೋಗಿತ್ತು. ಅವನು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಸಾಲು ನೋಡಿಕೊಳ್ಳುತ್ತಿದ್ದ. "ಮುಂದ್ ನಡೀರಿ, ಮುಂದ್ ಜಾಗಾ ಅದ, ಅಮ್ಮಾ, ನೀವು ಕೂಡ್ರಿ," ಎಂದು ಕನ್ನಡದಲ್ಲೇ ಕೂಗುತ್ತಿದ್ದ. ಭಾಷೆ ಬಾರದವರೂ ನಡೆಯುತ್ತಿದ್ದರು. ತನ್ನ ಮೈಮೇಲಿನ ಕಣ ಕಿಟಕಿಯವರೆಗೆ ಹೋದೀತೆಂದು ಎಸ್ತೇರಳು ರಸ್ತೆಯ ಈಚೆ ಬದಿಯ ಚಹಾದ ಅಂಗಡಿಯಲ್ಲೇ ನಿಂತು ನೋಡುತ್ತಿದ್ದಳು. ಅವನು ಔಷಧ ತೆಗೆದುಕೊಂಡ ಮೇಲೆ ಆಚೆ ಬದಿಯ ಬೆಂಚಿನ ಮೇಲೆ ಕೂತು ಅವಳಿಗೆ ಫೋನ್ ಮಾಡುತ್ತಿದ್ದ. ರಸ್ತೆಯ ಎರಡು ಬದಿಯಿಂದ ಮುಖ ನೋಡಿಕೊಂಡೇ ಮಾತಾಡುತ್ತಿದ್ದರು.

"ಅಕ್ಕ, ನೀ ಸೊರಗ್ಲತ್ತಿದಿ."

"ಅಷ್ಟ್ ದೂರದಿಂದ ಕಾಣಸ್ತದೇನು?"

"ಕಣ್ಣಿಗೇನೂ ಆಗಿಲ್ಲ ನಂಗ."

ಕಂಪನಿ ಅವಳಿಗೆ ಕೋಣೆಯಿಂದಲೇ ಕೆಲಸ ಮಾಡಲು ಹೇಳಿತ್ತು. ಎಪ್ಪತ್ತೈದು ಡಿಗ್ರಿ ಎಷ್ಟರಮಟ್ಟಿಗೆ ಸುರಕ್ಷಿತ ಎಂದು ಅವಳು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು. ಹಳೆಯ ಹುಡುಕಾಟದಲ್ಲಿ ಅವಳು ಅಣುಗಳನ್ನು ತಣ್ಣಗೆ, ಅಲುಗದಂತೆ ಇಟ್ಟು ಜೋಡಣೆಗಳನ್ನು ಆರಿಸಿದ್ದಳು. ಈಗ ಹುಡುಕುವಾಗಲೂ ಬಿಸಿಯಲ್ಲೇ ಕುಲುಕಾಡಲು ಬಿಟ್ಟಳು. ಬಿಸಿಯಲ್ಲಿ ಅಣುವಿನ ತುದಿ ಆಚೆಯಿಂದ ಈಚೆಗೆ ಮಗುಚುತ್ತಿತ್ತು. ಹಾಗೆ ಮಗುಚಿಕೊಂಡ ಅಣುಗಳು ಇನ್ನೊಂದೇ ಬಗೆಯಲ್ಲಿ ಜೋಡಿಕೊಂಡವು. ಮೂರನೆಯ ಹರಳು.

ಅದನ್ನು ಹಳೆಯ ಹರಳಿನ ಪಕ್ಕದಲ್ಲಿಟ್ಟು ಎಪ್ಪತ್ತೈದರಲ್ಲಿ ಬಿಟ್ಟಳು. ಗಡಿ ಹಳೆಯದರೊಳಗೆ ಸರಿಯಿತು. ಎಂಬತ್ತರಲ್ಲೂ ಸರಿಯಿತು. ತೊಂಬತ್ತರಲ್ಲಿ ಇನ್ನೂ ಬೇಗ. ಬೇರೊಂದು ವಿಧಾನದಿಂದ ಎರಡರ ಬಲವನ್ನೂ ಪ್ರತ್ಯೇಕವಾಗಿ ತೂಗಿದಳು, ಉತ್ತರ ಅದೇ. ತಣ್ಣಗಿದ್ದಾಗ ಎರಡನೆಯದು ತಿನ್ನುತ್ತದೆ, ಬಿಸಿಯಾದರೆ ಮೂರನೆಯದು. ಪ್ರಭುದಾಸನನ್ನು ಬದುಕಿಸಿದ್ದ ಹರಳು ಯಾವ ಶಾಖದಲ್ಲೂ ತನ್ನ ಬಲದಿಂದ ನಿಂತಿರಲಿಲ್ಲ. ಮೂರನೆಯದು ಇನ್ನೂ ಹುಟ್ಟಿರದ ಕಾರಣ ಉಳಿದಿತ್ತು, ಅಷ್ಟೇ.

ಅವಳು ಮುನೀರನನ್ನು ಕೋಣೆಗೆ ಕರೆದು ತೋರಿಸಿದಳು. ಅವನು ಪರದೆಯ ಮುಂದೆ ನಿಂತೇ ನೋಡಿದ.

"ಕರಗ್ತದೇನು ಇದು?"

"ಎರಡನೇದಕ್ಕಿಂತ ಕಡಿಮಿ."

"ಚಿದ್ರಿ ಸಾಹೇಬರಿಗೆ ಹೇಳೀರೇನು?"

"ಹೇಳಿದ್ರ ಖರೇನೋ ಬರೇ ಲೆಕ್ಕಾನೋ ಅಂತಾರ."

ಮುನೀರ್ ತನ್ನ ಕೈಗಳನ್ನು ನೋಡಿಕೊಂಡ. "ಈ ಸಲ ನಾ ಮಾಡಂಗಿಲ್ಲ," ಎಂದ. "ಅಳಿಸಿಬಿಡ್ರಿ."

ಅವಳು ಅವನ ಎದುರಿಗೇ ಎಲ್ಲವನ್ನೂ ಅಳಿಸಿದಳು. ಮರುವಾರ ಚಿದ್ರಿಯವರು ಫೋನ್ ಮಾಡಿ, ಹೊರರಾಜ್ಯದಿಂದ ಇನ್ನೂ ಜನ ಬರುತ್ತಿದ್ದಾರೆ, ಬಿಸಿ ಕಟ್ಟಡ ದೊಡ್ಡದು ಮಾಡಬೇಕು, ಲೆಕ್ಕದ ಪ್ರಕಾರ ಅದು ನಿಲ್ಲುತ್ತದೆ ತಾನೆ ಎಂದು ಕೇಳಿದರು. ಎಸ್ತೇರಳು ನಿಲ್ಲುತ್ತದೆ ಎಂದಳು. ಅವಳ ಮಾತನ್ನು ನಂಬಿ ಇನ್ನಷ್ಟು ಜನ ಮನೆ ಮಾರಿದರು. ಚಹಾದ ಅಂಗಡಿಯಲ್ಲಿ ನಿಂತಾಗ ಪ್ರತಿ ದಿನ ಹೊಸ ಮುಖಗಳು ಕಾಣುತ್ತಿದ್ದವು. ಬರಬೇಡಿ ಎಂದರೆ ಎಲ್ಲಿ ಹೋಗುತ್ತಿದ್ದರು ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ನಿಜವೇ ಆಗಿತ್ತು, ಆದರೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಅವಳು ಅಳಿಸಿದ್ದನ್ನು ಬೇರೆ ಯಾರಾದರೂ ಲೆಕ್ಕ ಹಾಕಬಹುದಿತ್ತು. ಅಣು ಎಲ್ಲರಿಗೂ ಗೊತ್ತಿದ್ದದ್ದೇ, ವಿಧಾನವೂ ಅಷ್ಟೇ. ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದವರು, ಬೀದರಿನ ರೋಗಿಗಳ ಸುದ್ದಿ ಓದಿ ಮರುಗಿ, ನೆರವಾಗಬೇಕೆಂದೇ ತಮ್ಮ ದೊಡ್ಡ ಕಂಪ್ಯೂಟರುಗಳನ್ನು ಈ ಕೆಲಸಕ್ಕೆ ಹಚ್ಚಿದರು. ಮೂರನೆಯ ಹರಳು ಸಿಕ್ಕಿತು. ಅವರ ಪ್ರಯೋಗಾಲಯ ಅದನ್ನು ಮಾಡಿಯೂ ತೋರಿಸಿತು.

ಚಿದ್ರಿಯವರು ಫೋನ್ ಮಾಡಿದಾಗ ಎಸ್ತೇರಳು ಕೋಣೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಅವರು ಭಾಳ ಹುರುಪಿನಾಗ ಅದಾರ," ಎಂದರು. "ನಿಮ್ಮ ಕಾರ್ಖಾನ್ಯಾಗ ಇದು ಬಂದದೇನು ಹೋಲಿಸಿ ನೋಡ್ರಿ ಅಂತ ಒಂದಿಷ್ಟು ಪುಡಿ ಕಳಸ್ಯಾರ."

"ಸರ್, ಅದನ್ನ ಬಿಚ್ಚಬ್ಯಾಡ್ರಿ. ಎಲ್ಲದ ಅದು?"

"ಹೋಲಿಸಬೇಕಂದ್ರ ಬಿಚ್ಚಬೇಕಲ್ಲ. ಹೊಸ ಲ್ಯಾಬಿನ ಹುಡುಗಿ ನಿನ್ನೇನೇ ಬಿಚ್ಚಿ ನೋಡ್ಯಾಳ."

"ಹೊಸ ಲ್ಯಾಬ್ ಅಂದ್ರ?"

"ಬಿಸಿ ಕಟ್ಟಡದಾಗಿನದು," ಎಂದರು ಚಿದ್ರಿ. ಹೇಳಿದ ಮೇಲೆ ಅವರಿಗೂ ಅರ್ಥವಾಗಿರಬೇಕು.

ಸ್ವಲ್ಪ ದಿನ ಏನೂ ಆಗಲಿಲ್ಲ. ಅವರು ಕಟ್ಟಡದ ಗಾಳಿಯನ್ನು ಸೋಸಿದರು, ಆ ಹುಡುಗಿಯನ್ನು ಮನೆಗೆ ಕಳಿಸಿದರು. ಚಿದ್ರಿಯವರು ಚರ್ಚು, ಗುಡಿ, ದರ್ಗಾ ಯಾವುದನ್ನೂ ಬಿಡಲಿಲ್ಲವೆಂದು ಜನ ಮಾತಾಡಿಕೊಂಡರು. ಆಮೇಲೆ ಒಂದು ಮುಂಜಾನೆ ಮುನೀರ್ ಫೋನ್ ಮಾಡಿ ಒಂದೇ ಮಾತು ಹೇಳಿದ. "ಬಂದದ." ಹಿಂದಿನ ದಿನ ತಯಾರಾದದ್ದೂ, ಇಂದಿನದೂ, ಬಿಸಿಪೆಟ್ಟಿಗೆಯೊಳಗೆ ಕಾದಿಟ್ಟದ್ದೂ, ಯಾವುದೂ ಕರಗುತ್ತಿಲ್ಲ. ಚಿದ್ರಿಯವರು ಗೇಟು ತೆರೆಯಬೇಡಿ ಎಂದಿದ್ದಾರೆ, ಹೊರಗೆ ಹೋಗಿ ಹೇಳಲು ಯಾರೂ ಒಪ್ಪುತ್ತಿಲ್ಲ.

ಎಸ್ತೇರಳು ಹೋದಾಗ ಸಾಲು ನಿಂತಿತ್ತು. ಗೇಟು ಹಾಕಿತ್ತು. ಇಡ್ಲಿ ಗಾಡಿಯಿಂದ ಹಬೆ ಏಳುತ್ತಿತ್ತು. ಅವಳು ಚಹಾದ ಅಂಗಡಿಯ ಹತ್ತಿರ ನಿಲ್ಲದೆ ರಸ್ತೆ ದಾಟಿದಳು. ಬೆಂಚಿನ ಮೇಲೆ ಕೂತಿದ್ದ ಪ್ರಭುದಾಸ ಅವಳನ್ನು ನೋಡಿ ಗಾಬರಿಯಿಂದ ಎದ್ದು ಕೈ ಅಡ್ಡ ಹಿಡಿದ.

"ಅಕ್ಕ, ಅಲ್ಲೇ ನಿಂದ್ರು. ಕಿಟಕಿ ಹತ್ತರಾನೇ ಅದ."

"ಇನ್ನ ಬಂದ್ರೂ ನಡೀತದ," ಎಂದಳು.

ಅವನು ಅವಳ ಮುಖವನ್ನೇ ನೋಡಿದ. ನಂತರ ಎತ್ತಿದ ಕೈ ಇಳಿಸಿ, ಬೆಂಚಿನ ಒಂದು ತುದಿಗೆ ಸರಿದು ಜಾಗ ಮಾಡಿದ. ಅವಳು ಪಕ್ಕದಲ್ಲಿ ಕೂತಳು. ಒಂದು ವರ್ಷದ ಮೇಲೆ ತಮ್ಮನ ಭುಜ ತನ್ನ ಭುಜಕ್ಕೆ ತಾಗಿದಾಗ ಅವಳಿಗೆ ಅಳು ಬಂತು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ಬಿಸೀದಾಗೂ?" ಎಂದು ಕೇಳಿದ.

"ಬಿಸೀದಾಗೂ."

"ಮತ್ತೇನಾದ್ರೂ..."

"ಇಲ್ಲೋ. ನೋಡೀನಿ. ಎಲ್ಲಾ ನೋಡೀನಿ."

ಅವನು ತಲೆಯಾಡಿಸಿದ. ಸುವಾರ್ತಾಳಿಗೆ ತಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದ. ಇಡ್ಲಿ ಗಾಡಿಯವನು ಇಬ್ಬರಿಗೂ ಚಹಾ ತಂದುಕೊಟ್ಟ. ಪ್ರಭುದಾಸನ ಕೈಯಲ್ಲಿ ಲೋಟ ತುಳುಕಿತು. ಎಸ್ತೇರಳು ಅದನ್ನು ಹಿಡಿದು ಕುಡಿಸಿದಳು. ಅವನು ನಿಧಾನವಾಗಿ, ಪೂರ್ತಿಯಾಗಿ ಕುಡಿದ.

"ಇವ್ರಿಗೆಲ್ಲ ಯಾರ್ ಹೇಳ್ತಾರ?" ಎಂದ, ಸಾಲಿನ ಕಡೆ ನೋಡುತ್ತ.

"ನಾ ಹೇಳ್ತೀನಿ."

"ನಿನ್ನ ದನಿ ಹಿಂದಿನ ತನಕ ಹೋಗಂಗಿಲ್ಲ. ನಡಿ, ನಾನೂ ಬರ್ತೀನಿ."

ಅವನು ಅವಳ ತೋಳು ಹಿಡಿದುಕೊಂಡು ಎದ್ದ. ಇಬ್ಬರೂ ಸಾಲಿನ ಪಕ್ಕದಲ್ಲೇ ನಡೆದು ಗೇಟಿನ ಹತ್ತಿರ ಬಂದರು. ಪ್ರಭುದಾಸ ಜನರ ಕಡೆ ತಿರುಗಿ, ಎಲ್ಲರಿಗೂ ಕಾಣುವಂತೆ ಕೈ ಮೇಲೆತ್ತಿದ. ಕೂತಿದ್ದವರು ಎದ್ದರು, ಮಕ್ಕಳ ಕೈ ಹಿಡಿದುಕೊಂಡರು. ಗೇಟು ತೆರೆಯುತ್ತದೆಂದು ತಿಳಿದು ಸಾಲು ಒಂದು ಹೆಜ್ಜೆ ಮುಂದೆ ಬಂತು.